ಇಲಿಯಮ್ಮ ಮತ್ತು ನೀರಿನ ಪಂಜರ

ಇಲಿಯಮ್ಮನ ಎದುರು ಒಬ್ಬರೇ ಏನನ್ನೂ ತಿನ್ನುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ನಿಂತು ಅವಸರದಲ್ಲಿ ಅಲಸಂದೆ ವಡೆ ತಿನ್ನುತ್ತಿದ್ದೆ. ಪಕ್ಕದಲ್ಲಿ ಕಾವಲುಗಾರ ಸುಲೆ ನಿಂತಿದ್ದ. ಎಲ್ಲಿದ್ದರೋ ಏನೋ, ಇಲಿಯಮ್ಮ ಬಂದವರೇ ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡರು. ಉಳಿದಿದ್ದ ಐದರಲ್ಲಿ ಎರಡು ಅವನಿಗೆ, ಎರಡು ನನಗೆ ಕೊಟ್ಟು, ಐದನೆಯದನ್ನು ಮುರಿದು ಅರ್ಧರ್ಧ ಹಂಚಿದರು.

"ಅವನಿಗೇನು ಬಾಯಿಲ್ವಾ?" ಎಂದು ನನ್ನನ್ನೇ ಕೇಳಿದರು. ಸುಲೆ ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿಯಿತು. ಆಗ ನಾನು ಔಷಧ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ವಯಸ್ಸಾಗಿದೆ, ಕೋಪ ಅಲ್ಲೇ ಇದೆ.

ಅವರು ನಮ್ಮ ವಿಭಾಗದ ಇಲಿಮನೆ ನೋಡಿಕೊಳ್ಳುತ್ತಿದ್ದವರು. ಮೂವತ್ತು ವರ್ಷ ಅದೇ ಕೆಲಸ: ಮುನ್ನೂರು ಬಿಳಿ ಇಲಿಗಳಿಗೆ ಕಾಳು, ನೀರು, ಮಲಗಲು ಮರದ ಹೊಟ್ಟು. ಪ್ರೊಫೆಸರ್ ಬಂದರೂ ಚಪ್ಪಲಿ ಬಾಗಿಲಲ್ಲೇ ಬಿಡಿಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರಿಗೆ ಹೆರದ ಇಲಿಗಳೂ ಮುದ್ದೇ. ನಿಜವಾದ ಹೆಸರು ಕೆಹಿಂದೆ. ಅವಳಿಗಳಲ್ಲಿ ಎರಡನೆಯದಾಗಿ ಹುಟ್ಟಿದವರಿಗೆ ನಮ್ಮಲ್ಲಿ ಅದೇ ಹೆಸರು, ಮೊದಲು ಹುಟ್ಟಿದವರು ತೈವೊ. ಆದರೆ ದೊಡ್ಡವರು ಕೆಹಿಂದೆಯೇ. 'ಹೋಗು, ಲೋಕ ಹೇಗಿದೆ ನೋಡಿ ಹೇಳು' ಅಂತ ತೈವೊನನ್ನು ಮುಂದೆ ಕಳಿಸಿ ಹಿಂದೆ ಬರುವವರು ಅವರು. ಕಳಿಸಿದವರು ತಾನೇ ದೊಡ್ಡವರು. ಇಲಿಯಮ್ಮನ ತೈವೊ ಎಂಟು ತಿಂಗಳ ಕೂಸಾಗಿದ್ದಾಗಲೇ ಹೋದ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಹೋದ ಅಂತ ಯಾರೂ ಕೇಳಿರಲಿಲ್ಲ.

ನಾನು ಭೇದಿಗೆ ಕೊಡುವ ನಾಟಿ ಔಷಧಿಗಳಲ್ಲಿ ಒಂದನ್ನು ಆರಿಸಿಕೊಂಡು ಪರೀಕ್ಷೆ ಮಾಡಬೇಕಿತ್ತು. ಹಳೆಯ ಪುಸ್ತಕ ಹರಡಿಕೊಂಡು ಪಟ್ಟಿ ಮಾಡುತ್ತ ಕೂತಿದ್ದಾಗ ಇಲಿಯಮ್ಮ ಪೊರಕೆ ಹಿಡಿದು ಬಂದು ಇಣುಕಿದರು. "ಪುಸ್ತಕದಲ್ಲಿ ಯಾವ ಗಿಡ ಬೆಳೆಯತ್ತೆ ಡಾಕ್ಟ್ರಮ್ಮ? ನಮ್ಮಮ್ಮನ ಹತ್ರ ಬಾ. ಇರಾ ಮರದ ಚಕ್ಕೆ ಕುದಿಸಿ ಕೊಡ್ತಾಳೆ. ನಮ್ಮ ಕೇರಿ ಮಕ್ಕಳೆಲ್ಲ ಕುಡಿದಿರೋದು ಅದನ್ನೇ."

ಹಾಗೆ ಒಂದು ಶನಿವಾರ ಬಸ್ಸು ಹತ್ತಿ ಇಬ್ಬರೂ ಇಗ್ಬೊ-ಓರಾಕ್ಕೆ ಹೋದೆವು. ಮನೆಗೊಂದು ಜೋಡಿ ಅವಳಿ ಇರುವ ಊರು ಅದು. ಇಲಿಯಮ್ಮನ ತಮ್ಮನ ಮನೆಯ ಅಂಗಳದಲ್ಲೇ ಎರಡು ಜೋಡಿ ಓಡಾಡುತ್ತಿದ್ದವು. ಅವರ ತಾಯಿ, ಹಣ್ಣು ಹಣ್ಣಾದ ಅಜ್ಜಿ, ಮೋಟು ಮಣೆಯ ಮೇಲೆ ಕೂತು ಕಲ್ಲಂಗಡಿ ಬೀಜ ಸುಲಿಯುತ್ತಿದ್ದಳು. ಮಂಡಿಯೂರಿ ನಮಸ್ಕರಿಸಿದೆ. ಅವಳು ನನ್ನ ತೋಳು ಹಿಡಿದು ನೋಡಿ, "ಇದೇನವ್ವಾ, ಓದಿ ಓದಿ ಮೂಳೆ ಆಗಿದೀಯ. ಇಲಿಗಳಿಗಾದ್ರೂ ಹೊಟ್ಟೆಗೆ ಹಾಕ್ತೀಯೋ ಇಲ್ವೋ" ಎಂದಳು.

ಒಳಗೆ ಚರ್ಚಿನ ಕ್ಯಾಲೆಂಡರಿನ ಕೆಳಗೆ, ಗೂಡಿನಲ್ಲಿ, ಗೇಣುದ್ದದ ಮರದ ಗೊಂಬೆ ನಿಂತಿತ್ತು. ತೊಳೆದು ತೊಳೆದು ಅದರ ಮೂಗು ಸವೆದುಹೋಗಿತ್ತು, ಸೊಂಟದಲ್ಲಿ ಮಣಿಸರ. ಅದು ತೈವೊ: ಅವಳಿಗಳಲ್ಲಿ ಒಂದು ಸತ್ತರೆ ಅದರ ಹೆಸರಲ್ಲಿ ಗೊಂಬೆ ಕೆತ್ತಿಸಿ, ಅದಕ್ಕೂ ಪಾಲು ಕೊಡುವುದು ನಮ್ಮಲ್ಲಿ ರೂಢಿ. ನಮಗೆ ಊಟಕ್ಕೆ ಬಡಿಸುವ ಮೊದಲು ಅಜ್ಜಿ ಬೇಯಿಸಿದ ಅಲಸಂದೆಯನ್ನು ಚಿಟಿಕೆಯಷ್ಟು ಅದರ ಮುಂದಿಟ್ಟಳು. ಪಾದ್ರಿಗಳು ಏನೂ ಅನ್ನುವುದಿಲ್ಲವೇ ಎಂದು ಕೇಳಿದೆ.

"ಅಂದ್ರು. ಅದನ್ನ ಬಿಸಾಡು ಅಂದ್ರು. ಮೊದ್ಲು ನೀವು ನಿಮ್ಮ ಮಗನ್ನ ಬಿಸಾಡಿ ಬನ್ನಿ, ಆಮೇಲೆ ನಾನು ಅಂದೆ. ಆಮೇಲೆ ಆ ಮಾತೇ ಎತ್ತಲಿಲ್ಲ."

ಊಟವಾದ ಮೇಲೆ ಕಷಾಯ ಕುದಿಸಿ ತೋರಿಸಿದಳು. ಚಕ್ಕೆಯನ್ನು ತೊಳೆದು, ಮಣ್ಣಿನ ಮಡಕೆಯಲ್ಲಿ, ನೀರು ನಮ್ಮ ರಸ್ತೆಯ ಮಣ್ಣಿನಷ್ಟು ಕೆಂಪಾಗುವವರೆಗೆ ಕುದಿಸಬೇಕು. ನನಗೊಂದು ಗುಟುಕು ಕೊಟ್ಟಳು; ಒಗರಿಗೆ ನಾಲಿಗೆ ಮುದುಡಿಹೋಯಿತು. ಬಾಗಿಲಲ್ಲಿ ಕಾದಿದ್ದ ನೆರೆಯವಳೊಬ್ಬಳ ಮಗುವಿಗೂ ಕೊಟ್ಟಳು. ಗೊಂಬೆಯ ಮುಂದೆ ಮಾತ್ರ ಇಡಲಿಲ್ಲ. ನಾನು ಅದನ್ನು ಗಮನಿಸಿದೆ, ಕೇಳಲಿಲ್ಲ.

"ನಿನ್ನ ಇಲಿಗಳು ಏನು ಹೇಳ್ತವೆ?" ಎಂದಳು ಅಜ್ಜಿ.

"ಇದಕ್ಕೆ ಗುಣ ಇದೆಯಾ ಇಲ್ವಾ ಅಂತ ಹೇಳ್ತವೆ ಅಜ್ಜಿ. ನೀವು ಕೊಟ್ಟ ಮಕ್ಕಳು ಹುಷಾರಾಗಿಲ್ವಾ? ನಿಮಗೇ ಗೊತ್ತಿರತ್ತೆ."

"ಎಲ್ಲಿ ಗೊತ್ತು? ಕುಡಿದವೂ ಉಳಿದಿವೆ, ಕುಡಿಯದವೂ ಉಳಿದಿವೆ. ಕುಡಿದು ಹೋದವನ್ನೂ ನೋಡಿದೀನಿ. ನಮ್ಮಜ್ಜಿ ಕೊಡ್ತಿದ್ಲು, ನಾನು ಕೊಡ್ತೀನಿ. ನಿನ್ನ ಇಲಿಗೆ ಹೇಗೆ ಗೊತ್ತಾಗತ್ತೆ, ಅದು ಹೇಳು."

ಹೇಳಿದೆ. ಎಲ್ಲಾ ಇಲಿಗಳಿಗೂ ಹರಳೆಣ್ಣೆ ಕುಡಿಸಿ ಹೊಟ್ಟೆ ಕೆಡಿಸುತ್ತೇವೆ. ಅದಕ್ಕೆ ಮೊದಲೇ ಒಂದು ಪಂಜರದವಕ್ಕೆ ಈ ಕಷಾಯ, ಇನ್ನೊಂದು ಪಂಜರದವಕ್ಕೆ ಬರೀ ನೀರು ಕೊಟ್ಟಿರುತ್ತೇವೆ. ಯಾವುದಕ್ಕೆ ಎಷ್ಟು ಸಲ ಭೇದಿಯಾಯಿತು ಎಣಿಸುತ್ತೇವೆ. ಅಜ್ಜಿಯ ಕೈ ಬೀಜದ ಮೇಲೆ ನಿಂತಿತು.

"ಒಂದಕ್ಕೆ ಕೊಟ್ಟು, ಒಂದಕ್ಕೆ ಕೊಡದೆ."

"ಹೂಂ ಅಜ್ಜಿ."

"ನಾನೂ ಅದನ್ನೇ ಮಾಡಿದ್ದು."

ಆಗ ಅವರೆಲ್ಲ ಊರಾಚೆ ಹೊಲದ ಗುಡಿಸಲಲ್ಲಿದ್ದರಂತೆ. ಗಂಡ ಪೇಟೆಗೆ ಹೋಗಿದ್ದ, ಮಳೆ ಹಿಡಿದಿತ್ತು, ಹಳ್ಳ ತುಂಬಿ ಹರಿಯುತ್ತಿತ್ತು. ಇರಾ ಮರ ಇದ್ದದ್ದು ಹಳ್ಳದ ಆಚೆ. ಎರಡೂ ಕೂಸುಗಳಿಗೆ ಒಟ್ಟಿಗೇ ಭೇದಿ ಶುರುವಾಯಿತು. ಬುಟ್ಟಿಯಲ್ಲಿ ಉಳಿದದ್ದು ಬೆರಳುದ್ದದ ಒಂದೇ ಚಕ್ಕೆ. ನಮ್ಮಲ್ಲಿ ಅವಳಿಗಳಿಗೆ ಏನು ಕೊಟ್ಟರೂ ಇಬ್ಬರಿಗೂ ಕೊಡಬೇಕು. ಒಂದಕ್ಕೆ ಜ್ವರ ಬಂದರೆ ಎರಡೂ ಔಷಧಿ ಕುಡಿಯಬೇಕು.

"ಎರಡು ಪಾಲು ಮಾಡಿದ್ರೆ ಎರಡೂ ಬರೀ ಬಣ್ಣದ ನೀರಾಗ್ತಿತ್ತು. ಗಟ್ಟಿಯಾಗಿ ಒಂದೇ ಲೋಟ ಮಾಡ್ದೆ. ದೊಡ್ಡವಳಿಗೆ ಮೊದ್ಲು ಅಂತ ಇವಳಿಗೆ ಕೊಟ್ಟೆ" ಎಂದು ಗಲ್ಲದಿಂದ ಮಗಳ ಕಡೆ ತೋರಿಸಿದಳು. "ಮೂರನೇ ದಿನ ಅವನು ಹೋದ. ಇವಳು ಉಳಿದ್ಲು. ಅದು ಬರೀ ಚಕ್ಕೆ ನೀರು, ಕೊಟ್ಟಿದ್ರೂ ಅಷ್ಟೆ ಬಿಟ್ಟಿದ್ರೂ ಅಷ್ಟೆ, ದೇವರು ಕರಕೊಂಡ ಅಂದ್ರು ಎಲ್ಲಾರೂ. ಐವತ್ತೇಳು ವರ್ಷ ಆಯ್ತು. ನಾನು ಸಾಯೋದ್ರೊಳಗೆ ನಿನ್ನ ಇಲಿ ಏನು ಹೇಳ್ತು ಅಂತ ಬಂದು ಹೇಳ್ತೀಯಾ ತಾಯಿ?"

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಇಲಿಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಚಕ್ಕೆಯ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಮೇಲೆ ಕೇಳಿದರು: "ಗುಣ ಇದೆ ಅಂತ ಬಂದ್ರೆ?"

"ಒಳ್ಳೇದಲ್ವಾ? ನಂಗೆ ಡಾಕ್ಟರೇಟ್ ಬರತ್ತೆ."

"ಹೌದು, ನಿಂಗೆ ಬರತ್ತೆ" ಎಂದು ಕಿಟಕಿಯ ಕಡೆ ತಿರುಗಿದರು. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಅವರಿಗೆ ಬಸ್ಸಿನ ವಾಸನೆ ಆಗುತ್ತಿಲ್ಲವೇನೋ ಅಂದುಕೊಂಡೆ.

ಪರೀಕ್ಷೆ ಶುರುವಾಯಿತು. ಒಂದೇ ತಾಯಿಯ ಮರಿಗಳನ್ನೇ ಆರಿಸಿ, ಎರಡು ಪಂಜರಗಳಿಗೆ ಆರಾರರಂತೆ ಸಮನಾಗಿ ಹಂಚಿದೆ. ರಕ್ತ ಒಂದೇ ಆಗಿದ್ದರೆ ಹೋಲಿಕೆ ಸರಿಯಾಗಿರುತ್ತದೆ. ಒಂದಕ್ಕೆ 'ಕಷಾಯ', ಇನ್ನೊಂದಕ್ಕೆ 'ನೀರು' ಎಂದು ಚೀಟಿ ಅಂಟಿಸಿದೆ. ಹಿಂದಿನ ದಿನದಿಂದ ಕಾಳು ಕೊಡಬಾರದು. ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದು ಅಳತೆ ಮಾಡಿ ಅವಕ್ಕೆ ಕಷಾಯ, ಇವಕ್ಕೆ ನೀರು ಕುಡಿಸುತ್ತಿದ್ದೆ. ಒಂದು ತಾಸಿನ ಮೇಲೆ ಎಲ್ಲಕ್ಕೂ ಹರಳೆಣ್ಣೆ. ಕೆಳಗೆ ಒತ್ತುಕಾಗದ ಹಾಸಿ, ನಾಲ್ಕು ತಾಸು ಕೂತು ಒದ್ದೆ ಕಲೆ ಎಣಿಸುವುದು. ಮನೆಯಲ್ಲಿ ನನ್ನ ತಂಗಿ ಬಂದವರಿಗೆಲ್ಲ "ನಮ್ಮಕ್ಕ ಇಲಿ ಹಿಕ್ಕೆ ಎಣಿಸೋದ್ರಲ್ಲಿ ಪಂಡಿತೆ" ಎಂದು ಪರಿಚಯ ಮಾಡಿಸುತ್ತಿದ್ದಳು.

ಕಷಾಯದ ಪಂಜರದಲ್ಲಿ ಆರು ಕಲೆ. ಖುಷಿಯಾಯಿತು. ನೀರಿನ ಪಂಜರದ ಕಾಗದ ಎಳೆದರೆ ಅಲ್ಲಿ ಏಳು. ಇಪ್ಪತ್ತು ದಾಟಬೇಕಿತ್ತು. ಬರೀ ನೀರು ಕುಡಿದ ಇಲಿಗೆ ಹರಳೆಣ್ಣೆ ಹಾಕಿದರೂ ಭೇದಿಯಾಗದಿದ್ದರೆ ಅದೆಂಥ ಹರಳೆಣ್ಣೆ? ಸೀದಾ ಸಂತೆಗೆ ಹೋಗಿ ಎಣ್ಣೆಯವಳ ಜೊತೆ ಜಗಳಕ್ಕೆ ನಿಂತೆ. ಅವಳು ಸೊಂಟಕ್ಕೆ ಕೈಯಿಟ್ಟು, "ಕಲಬೆರಕೆಯಾ? ಎರಡು ಚಮಚ ಈಗ್ಲೇ ಕುಡಿ. ನಾಳೆ ಬಂದು ಜಗಳ ಆಡೋಕೆ ನಿಂಗೆ ಶಕ್ತಿ ಉಳಿದಿದ್ರೆ ದುಡ್ಡು ವಾಪಸ್ಸು" ಎಂದಳು. ಸುತ್ತಲಿನವರೆಲ್ಲ ನಕ್ಕರು. ಬೇರೆ ಕಡೆ ಬೇರೆ ಎಣ್ಣೆ ತಂದೆ. ಎರಡನೆಯ ಸಲವೂ ಹಾಗೇ: ಅಲ್ಲಿ ಐದು, ಇಲ್ಲಿ ಆರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ನಮ್ಮ ಪ್ರೊಫೆಸರ್ ಅಡೆಗ್ಬಿತೆ. "ಎಣ್ಣೆ ಬೈದು ಸಾಕು. ಮೂರನೇ ಸಲವೂ ಹೀಗೇ ಬಂದ್ರೆ ವ್ಯತ್ಯಾಸ ಇಲ್ಲ ಅಂತ ಬರೆದು ಈ ಚಕ್ಕೆ ಕೈಬಿಡು. ಬೇರೆ ಗಿಡ ನೋಡೋಣ." ಸಂಶೋಧನೆಗೆ ಸೇರಿದಾಗಿನಿಂದ ಎರಡು ವರ್ಷದ ಕೆಲಸ. ಹೊರಗೆ ಬಂದು ಅತ್ತೆ. ಇಲಿಯಮ್ಮ ನೆಲಗಡಲೆ ತಂದು ನನ್ನ ಕೈಗೆ ಸುರಿದರು.

ಮೂರನೆಯ ಪರೀಕ್ಷೆಯ ದಿನ ಬಸ್ಸು ಬೇಗ ಸಿಕ್ಕಿತು. ಏಳಕ್ಕೇ ಇಲಿಮನೆಯ ಬಾಗಿಲಲ್ಲಿದ್ದೆ. ಇಲಿಯಮ್ಮ ನನಗೆ ಬೆನ್ನು ಮಾಡಿ ಕೂತಿದ್ದರು. ಎಡ ಅಂಗೈಯಲ್ಲಿ ಒಂದು ಇಲಿ ಅಂಗಾತ ಮಲಗಿತ್ತು, ಬಲಗೈಯಲ್ಲಿ ಹನಿ ಬಿಡುವ ಕೊಳವೆ. ಕೊಳವೆಯಲ್ಲಿ ಕೆಂಪು ನೀರು. ಬಾಗಿಲು ತೆರೆದಿದ್ದ ಪಂಜರದ ಚೀಟಿ ನನ್ನದೇ ಅಕ್ಷರ: ನೀರು.

"ಇಲಿಯಮ್ಮ, ಅದು ನೀರಿನ ಪಂಜರ."

"ಗೊತ್ತು."

"ಗೊತ್ತಿದ್ದೂ?"

ಅವರು ಕೊನೆಯ ಹನಿ ಬಿಟ್ಟು, ಇಲಿಯ ಬಾಯನ್ನು ಬೆರಳಿನಿಂದ ಒರೆಸಿ, ಒಳಗೆ ಬಿಟ್ಟು, ಆಮೇಲೆ ತಿರುಗಿದರು. "ಅಲ್ಲಿರೋದು ಇದರ ಒಡಹುಟ್ಟು. ಒಂದೇ ಬಸಿರಲ್ಲಿ ಬಂದವು. ಅದಕ್ಕೆ ಔಷಧಿ, ಇದಕ್ಕೆ ಬರೀ ನೀರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ನನ್ನ ಕೈಲಿ ಆಗಲ್ಲ ಮಗಳೇ."

"ಮೂವತ್ತು ವರ್ಷದಲ್ಲಿ ಎಷ್ಟು ನೀರಿನ ಪಂಜರ ನೋಡಿಲ್ಲ ನೀವು? ಆಗೆಲ್ಲ ಈ ಕರುಣೆ ಎಲ್ಲಿ ಮೇಯೋಕೆ ಹೋಗಿತ್ತು?"

ಹಿರಿಯರಿಗೆ ಆಡುವ ಮಾತಲ್ಲ ಅದು. ಅವರು ಬೇಸರಿಸಲಿಲ್ಲ. ಕಾಳಿನ ಮೂಟೆಯ ಮೇಲೆ ಕೂತರು. "ಆಗೆಲ್ಲ ಅದು ಇರಾ ಚಕ್ಕೆ ಅಲ್ಲವಲ್ಲ. ಸರಿ, ಇಲಿ ಒಂದು ನೆಪ ಅಂತಲೇ ಇಟ್ಕೋ. ಗುಣ ಇದೆ ಅಂತ ಬಂದ್ರೆ ನಮ್ಮಮ್ಮಂಗೆ ಏನಂತ ಹೇಳ್ಲಿ? ಆ ಲೋಟ ಅವನಿಗೆ ಕೊಟ್ಟಿದ್ರೆ ಅವನು ಬದುಕ್ತಿದ್ದ ಅಂತಲಾ? ದೇವರು ಕರಕೊಂಡ ಅಂದ್ಕೊಂಡು ಇಷ್ಟು ವರ್ಷ ಉಂಡಿದಾಳೆ, ಮಲಗಿದಾಳೆ. ಎರಡೂ ಪಂಜರ ಒಂದೇ ಸಮ ಬಂದ್ರೆ ಅವಳು ನೆಮ್ಮದಿಯಾಗಿ ಹೋಗ್ತಾಳೆ."

ನಿಮ್ಮಮ್ಮನ ನೆಮ್ಮದಿಗೆ ನನ್ನ ಎರಡು ವರ್ಷ ನುಂಗಿದಿರಿ ಎಂದು ಕೂಗಿದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ದೂರು ಕೊಡಲೆಂದು ಪ್ರೊಫೆಸರರ ಕೋಣೆಯವರೆಗೂ ಹೋದೆ. ಬಾಗಿಲು ತಟ್ಟಲು ಕೈ ಎತ್ತಿದವಳು ಹಾಗೇ ನಿಂತೆ.

ನಿವೃತ್ತಿಗೆ ಎರಡು ವರ್ಷವಿದ್ದ ಹೆಂಗಸು, ಕೆಲಸ ಹೋಗುತ್ತದೆ ಅನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನೀರಿನ ಪಂಜರ ಇಲ್ಲದೆ ಯಾವ ಔಷಧಿಯ ನಿಜವೂ ತಿಳಿಯುವುದಿಲ್ಲ. ಇದನ್ನು ನಾನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಕೊಡದೆ ಬಿಟ್ಟ ಕಡೆ ಯಾರಿರುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆ ಗುಡಿಸಲಿನಲ್ಲಿ ನೀರಿನ ಪಂಜರದಲ್ಲಿದ್ದದ್ದು ಎಂಟು ತಿಂಗಳ ಗಂಡು ಕೂಸು. ಚೀಟಿ ಅಂಟಿಸಿದವಳು ಹೆತ್ತ ತಾಯಿ. ಇಷ್ಟು ತಿಳಿಯಲು ನನಗೆ ಇಪ್ಪತ್ತೇಳು ವರ್ಷ ತುಂಬಬೇಕಾಯಿತು. ಕೈ ಇಳಿಸಿ ವಾಪಸು ಬಂದೆ.

ಇಲಿಯಮ್ಮ ಅದೇ ಮೂಟೆಯ ಮೇಲೆ ಕೂತಿದ್ದರು. "ಹೊಸ ಇಲಿಗಳ ಮೇಲೆ ಬರೋ ವಾರ ಮತ್ತೆ ಮಾಡ್ತೀನಿ. ಅವತ್ತು ನೀವು ರಜ ಹಾಕಿ" ಎಂದೆ.

ಅವರು ಮೂಟೆಯಿಂದ ಎದ್ದರು. "ಬೇಡ. ನಾನೇ ಇರ್ತೀನಿ. ಮುಟ್ಟಲ್ಲ, ನನ್ನಾಣೆ."

ಮುಟ್ಟಲಿಲ್ಲ. ಆ ದಿನ ನೀರಿನ ಪಂಜರದ ಮುಂದೆ ಮಣೆ ಹಾಕಿಕೊಂಡು ನಾಲ್ಕು ತಾಸು ಕೈಕಟ್ಟಿ ಕೂತರು. ಇಲಿಗಳು ಮೈ ಮುದುಡಿಕೊಂಡು ಮೂಲೆ ಸೇರಿದವು, ಒತ್ತುಕಾಗದದ ಮೇಲೆ ಒಂದರ ಪಕ್ಕ ಒಂದು ಕಲೆ ಬಿತ್ತು. ಅವರು ಕಣ್ಣು ಕದಲಿಸಲಿಲ್ಲ. ಎಣಿಸುವ ಹೊತ್ತಿಗೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬೆರಳಿಟ್ಟು ಎಣಿಸಿದರು. ಕಷಾಯದವಕ್ಕೆ ಐದು. ನೀರಿನವಕ್ಕೆ ಇಪ್ಪತ್ತಾರು.

"ಎಣಿಕೆ ಮುಗೀತಾ?" ಎಂದರು.

"ಮುಗೀತು ಇಲಿಯಮ್ಮ."

ಕೊಳವೆ ತೆಗೆದುಕೊಂಡು ಕಷಾಯದ ಸೀಸೆಗೆ ಅದ್ದಿದರು. ನಾನು ಪಂಜರದ ಬಾಗಿಲು ಹಿಡಿದುಕೊಂಡೆ. ಆರಕ್ಕೂ ಕುಡಿಸಿದೆವು.

ಇನ್ನೂ ಎರಡು ಸಲ ಮಾಡಿದೆ, ಉತ್ತರ ಬದಲಾಗಲಿಲ್ಲ. ಪ್ರೊಫೆಸರ್ ಬೆನ್ನು ತಟ್ಟಿದರು. ನನಗೆ ಮಾತ್ರ ಇಗ್ಬೊ-ಓರಾದ ಬಸ್ಸು ಹತ್ತಲು ಕಾಲೇ ಬರಲಿಲ್ಲ. ಕೊಟ್ಟ ಮಾತು, ಹೋಗಲೇಬೇಕಿತ್ತು. ದಾರಿಯಲ್ಲಿ ಇಲಿಯಮ್ಮ ನನ್ನ ಕೈ ಹಿಡಿದು ಹೇಳಿದರು: "ವ್ಯತ್ಯಾಸ ಇಲ್ಲ ಅಂತ ನಾನೇ ಹೇಳ್ತೀನಿ. ನೀನು ತಲೆ ಆಡಿಸು, ಸಾಕು. ಅವಳೇನು ನಿನ್ನ ಪುಸ್ತಕ ಓದಲ್ಲ." ಒಪ್ಪಿದೆ. ನಿಜವನ್ನು ಕಾಗದದಲ್ಲಿ ಬರೆದಾಗಿದೆ, ಮುದುಕಿಯ ಎದೆಯ ಮೇಲೂ ಬರೆಯಬೇಕೆ ಎಂದುಕೊಂಡೆ.

ಅಜ್ಜಿ ಅದೇ ಮಣೆಯ ಮೇಲಿದ್ದಳು. ನಮಸ್ಕಾರವಾಗಿ, ನೀರು ಕುಡಿದಾಗಿ, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಕೇಳಿದಳು: "ಏನಂದವು ಇಲಿಗಳು?"

"ಏನೂ ವ್ಯತ್ಯಾಸ ಇಲ್ಲವಂತೆ ಅಮ್ಮ" ಎಂದರು ಇಲಿಯಮ್ಮ. "ಕುಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ." ನಾನು ತಲೆ ಆಡಿಸಿದೆ.

ಅಜ್ಜಿ ಮೂರು ನಾಲ್ಕು ಬೀಜ ಸುಲಿದಳು. "ಹಂಗಾರೆ ನೀನು ನಿನ್ನಷ್ಟಕ್ಕೆ ನೀನೇ ಉಳಿದಿದ್ದು."

"ಹೂಂ ಅಮ್ಮ. ದೇವರ ದಯೆ."

"ನನ್ನ ಕೈಯಿಂದ ಆಗಿದ್ದು ಏನೂ ಇಲ್ಲ."

ಅವಳ ಮುಖ ನೋಡಿದ ಮೇಲೆಯೇ ನಮಗೆ ತಿಳಿದದ್ದು, ಏನೋ ಎಡವಟ್ಟಾಯಿತು ಎಂದು. "ಬರೀ ಚಕ್ಕೆ ನೀರು ಅಂತ ಊರವರು ಸಮಾಧಾನ ಹೇಳಿದ್ರು, ನಾನೂ ಹೂಂಗುಟ್ಟಿದೆ" ಎಂದಳು. "ಒಳಗೆ ನಂಬಿರ್ಲಿಲ್ಲ ಕಣೆ. ಅವನನ್ನ ಬಿಟ್ಟೆ, ನಿಜ. ಬಿಟ್ಟಿದ್ದಕ್ಕೆ ಒಂದನ್ನಾದ್ರೂ ಹಿಡಕೊಂಡೆ ಅಂತಿತ್ತು. ನೀನು ತಲೆ ಮೇಲೆ ಕೊಡ ಹೊತ್ತು ಬರ್ತಿದ್ದಾಗ, ಮದುವೇಲಿ ಕುಣಿದಾಗ, ನಿನ್ನ ಮಕ್ಳನ್ನ ತಂದು ನನ್ನ ಮಡಿಲಿಗೆ ಹಾಕಿದಾಗ, ಇದು ನಾನು ಉಳಿಸಿದ್ದು ಅಂತ ನೋಡ್ತಿದ್ದೆ. ಈಗ ನೋಡು, ಅದೂ ಇಲ್ಲ."

ಇಲಿಯಮ್ಮ ಕುಸಿದು ಅಮ್ಮನ ಮುಂದೆ ಮಂಡಿಯೂರಿದರು. ಮೂವತ್ತು ವರ್ಷ ಪ್ರೊಫೆಸರುಗಳಿಗೆ ಹೆದರದವರು ಮಗುವಿನ ಹಾಗೆ ಅಳುತ್ತಿದ್ದರು. "ಅಮ್ಮ, ಸುಳ್ಳು ಹೇಳ್ದೆ. ಗುಣ ಇದೆ. ನಾನೇ ಎಣಿಸ್ದೆ. ಕುಡಿದವಕ್ಕೆ ಐದು, ಕುಡಿಯದವಕ್ಕೆ ಇಪ್ಪತ್ತಾರು."

"ಎಷ್ಟು?"

"ಐದು. ಇಪ್ಪತ್ತಾರು."

ಅಜ್ಜಿ ಆ ಎರಡು ಸಂಖ್ಯೆಗಳನ್ನೂ ಬಾಯಲ್ಲೇ ಹೇಳಿಕೊಂಡಳು. ಆಮೇಲೆ, "ಹಂಗಾರೆ ಅವನೂ ಉಳೀತಿದ್ದ" ಎಂದಳು.

"ಇಲಿ ಬೇರೆ, ಕೂಸು ಬೇರೆ ಅಜ್ಜಿ. ಹಾಗಂತ ಖಂಡಿತವಾಗಿ ಹೇಳೋಕಾಗಲ್ಲ" ಎಂದೆ. ಅದು ನಿಜವೂ ಹೌದು, ಪ್ರಬಂಧದಲ್ಲೂ ಹಾಗೇ ಬರೆದಿದ್ದೇನೆ. ಅವಳು ಕೈಯೆತ್ತಿ ನನ್ನನ್ನು ತಡೆದಳು.

"ಇರ್ಲಿ ಬಿಡು ತಾಯಿ. ಉಳಿಸಿದ್ದೂ ನಾನೇ, ಬಿಟ್ಟಿದ್ದೂ ನಾನೇ. ಎರಡೂ ನಂದೇ ಆಗಿರ್ಲಿ."

ಮಗಳ ಭುಜ ಹಿಡಿದು ಎದ್ದಳು. ಯಾರಿಗೂ ಕೈಹಾಕಲು ಬಿಡದೆ ತಾನೇ ಒಲೆ ಹಚ್ಚಿ, ಮಡಕೆಯಿಟ್ಟು, ಚಕ್ಕೆ ಹಾಕಿದಳು. ನೀರು ಕೆಂಪಾಗುವವರೆಗೂ ನಾವು ಮೂವರೂ ಒಲೆಯ ಸುತ್ತ ಕೂತೆವು. ಎರಡು ಲೋಟ ಇಟ್ಟು ಬಗ್ಗಿಸಿದಳು. ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿ, ಒಂದರಿಂದ ಒಂದಕ್ಕೆ ನಾಲ್ಕು ಹನಿ ಸುರಿದು ಸಮ ಮಾಡಿದಳು.

"ಕುಡಿ" ಎಂದು ಮಗಳಿಗೆ ಕೊಟ್ಟಳು.

"ನಂಗೇನಾಗಿದೆ ಅಮ್ಮ, ಹೊಟ್ಟೆ ನೆಟ್ಟಗಿದೆ."

"ಕುಡಿ ಅಂದೆ."

ಇನ್ನೊಂದನ್ನು ಗೂಡಿನ ಹತ್ತಿರ ಒಯ್ದಳು. ಅಲಸಂದೆ, ಗೆಣಸು, ಕ್ರಿಸ್‌ಮಸ್ಸಿನ ಅನ್ನ, ಯಾವುದರಲ್ಲೂ ಮೊದಲ ಪಾಲು ಪಡೆದ ಆ ಗೊಂಬೆಯ ಮುಂದೆ ಐವತ್ತೇಳು ವರ್ಷದಲ್ಲಿ ಈ ಕಷಾಯ ಒಂದು ದಿನವೂ ಬಂದಿರಲಿಲ್ಲ. ಲೋಟ ಇಟ್ಟಳು. ಬೆರಳು ಅದ್ದಿ, ಸವೆದ ಬಾಯಿಗೆ ಹಚ್ಚಿದಳು.

"ತಡ ಆಯ್ತು ಮಗಾ" ಎಂದಳು.

ಇಲಿಯಮ್ಮ ಒಗರಿಗೆ ಮುಖ ಹಿಂಡಿಕೊಂಡು, ತಮ್ಮ ಲೋಟವನ್ನು ಗುಟುಕು ಗುಟುಕಾಗಿ ಕುಡಿದರು. ಅದು ಖಾಲಿಯಾಗುವವರೆಗೆ ಅಜ್ಜಿ ಗೊಂಬೆಯ ಪಕ್ಕದಲ್ಲೇ ನಿಂತು ಕಾದಳು.